ಹೊಳೆ ನಡುವಿನ ಜಾಗಕ್ಕೆ ನಿಮ್ಮ ಕಡೆ ಏನಂತೀರಿ? ದ್ವೀಪವೋ, ನಡುಗಡ್ಡೆಯೋ, ಕುದ್ರುವೋ?

ಪ್ರಶ್ನೆ: ಹೊಳೆದಂಡೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಎಂಟನೇ ತರಗತಿ ಮಕ್ಕಳು ಊರಿನ ದೊಡ್ಡ ನಕ್ಷೆಯೊಂದನ್ನು ಗೋಡೆಯ ಮೇಲೆ ಬರೆಯುತ್ತಿದ್ದಾರೆ. ರಸ್ತೆ, ಕೆರೆ, ತೋಟ, ದೇವರ ಬನ ಎಲ್ಲಾ ಬಂತು. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಹೇಮಾವತಿ ನಮ್ಮೂರ ಕೆಳಗೆ ಬಳಸಿಕೊಂಡು ಹೋಗುವಲ್ಲಿ, ಹೊಳೆಯ ನಡುಮಧ್ಯೆ ಉದ್ದನೆಯ ಒಂದು ತುಂಡು ನೆಲ ಇದೆ. ಎರಡು ಹೊಳೆಮತ್ತಿ ಮರ, ಒಂದಿಷ್ಟು ಜೊಂಡು, ನಡುವೆ ಹುಲ್ಲು. ಬೇಸಿಗೆಯಲ್ಲಿ ಒಂದು ಪಕ್ಕದಿಂದ ಮೊಣಕಾಲುದ್ದ ನೀರಲ್ಲಿ ದಾಟಿ ದನ ಹೋಗುತ್ತವೆ. ಆಷಾಢದಲ್ಲಿ ಮರದ ಮೇಲ್ಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇದನ್ನು ನಕ್ಷೆಯಲ್ಲಿ ಏನಂತ ಬರೆಯುವುದು ಎಂಬುದೇ ಈಗಿನ ಜಗಳ.

ಪುಸ್ತಕ ಓದಿದ ಹುಡುಗಿ ‘ದ್ವೀಪ’ ಎಂದಳು. ‘ಅದು ಸಮುದ್ರದಲ್ಲಿ ಇರೋದು’ ಅಂತ ಉಳಿದವರು ಒಪ್ಪಲಿಲ್ಲ. ‘ನಡುಗಡ್ಡೆ’ ಎಂದರು ಕೆಲವರು. ಅದಕ್ಕೆ ಇನ್ನೊಬ್ಬ, ‘ಗಡ್ಡೆ ಅಂದರೆ ಆಲೂಗಡ್ಡೆ, ನೆಲಕ್ಕೆ ಯಾಕೆ ಆ ಹೆಸರು? ಅದು ನಡುಗದ್ದೆ ಇರಬೇಕು’ ಎಂದು ವಾದಕ್ಕಿಳಿದ. ಕುಂದಾಪುರದಿಂದ ಬಂದ ನಮ್ಮ ಸಹೋದ್ಯೋಗಿ ‘ಇಷ್ಟೇನಾ, ಇದು ಕುದ್ರು’ ಎಂದು ಹೇಳಿ ಹೋದರು. ಊರಿನ ಹಿರಿಯರನ್ನು ಕೇಳಿದರೆ ‘ಗಡ್ಡೆ ಮೇಲೆ’ ಅಂತಲೇ ಹೇಳುತ್ತಾರೆ, ‘ದನ ಗಡ್ಡೆ ಮೇಲೆ ಹೋಗಿದೆ’ ಅಂತ.

ಈ ಪದಗಳಿಗೆಲ್ಲ ಅರ್ಥದಲ್ಲಿ ವ್ಯತ್ಯಾಸ ಇದೆಯೇ? ಎಲ್ಲಿಂದ ಬಂದವು? ಮಕ್ಕಳಿಗೆ ಹೀಗೇ ಬರೆಯಿರಿ ಅಂತ ಕಾರಣ ಇಲ್ಲದೆ ಹೇಳಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಸರಪಳಿ, ಅರಕಲಗೂಡು

ಮೇಡಂ, ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೇಮಾವತಿ, ಕಾವೇರಿ, ಯಗಚಿ ಮೂರೂ ಹೊಳೆಗಳ ದಂಡೆಯಲ್ಲಿ ಅಳತೆ ಮಾಡಿದ್ದೇನೆ. ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಗ್ರಾಮ ನಕ್ಷೆ ತೆಗೆದು ನೋಡಿ, ನೀವು ಹೇಳುವ ಜಾಗ ಬಹುಮಟ್ಟಿಗೆ ಹೊಳೆಯ ಗೆರೆಗಳ ಒಳಗೇ ಸೇರಿಕೊಂಡಿರುತ್ತದೆ. ಹೊಳೆ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಅಷ್ಟೆ. ಸರ್ವೆ ನಂಬರ್ ಇಲ್ಲ, ಹೆಸರೂ ಇಲ್ಲ. ದನ ಕಾಯುವವರ ಬಾಯಲ್ಲಿ, ಮೀನು ಹಿಡಿಯುವವರ ಬಾಯಲ್ಲಿ ಮಾತ್ರ ಅದಕ್ಕೆ ಹೆಸರು. ಆದ್ದರಿಂದ ನಿಮ್ಮ ಮಕ್ಕಳು ಬರೆಯುವ ಹೆಸರಿಗೆ ಬೆಲೆ ಇದೆ. ಬಹುಶಃ ಮೊದಲ ಸಲ ಅದು ಗೋಡೆಯ ಮೇಲಾದರೂ ಬರುತ್ತಿದೆ.

ಮೊದಲು ದ್ವೀಪ. ಆ ಹುಡುಗಿ ಹೇಳಿದ್ದು ಸರಿ, ಅವಳಿಗೆ ತಿಳಿಸಿ. ದ್ವೀಪ ಎಂದರೆ ಸಮುದ್ರದ್ದೇ ಆಗಬೇಕಿಲ್ಲ. ದ್ವಿ ಎಂದರೆ ಎರಡು, ಅಪ್ ಎಂದರೆ ನೀರು. ಎರಡು ಪಕ್ಕದಲ್ಲಿ ನೀರು ಇರುವ ಜಾಗ ದ್ವೀಪ. ಗಮನಿಸಿ, ನಾಲ್ಕು ಕಡೆ ಅಲ್ಲ, ಎರಡು ಕಡೆ. ಸಮುದ್ರದ ನಡುವೆ ನಿಂತವನು ಎರಡು ಕಡೆ ನೀರು ಅನ್ನುವುದಿಲ್ಲ. ಹೊಳೆಯ ನಡುವೆ ನಿಂತವನು ಹಾಗನ್ನುತ್ತಾನೆ, ಏಕೆಂದರೆ ಹರಿಯುವ ನೀರು ಅಲ್ಲಿ ಎರಡಾಗಿ ಸೀಳಿಕೊಂಡು ಹೋಗುತ್ತದೆ. ವೇದದ ಭಾಷೆಯಲ್ಲಿ ಈ ಪದ ಹೊಳೆಯ ಮರಳದಿಣ್ಣೆಗೂ ಬಳಕೆಯಾಗಿದೆ. ವ್ಯಾಸರನ್ನೇ ನೋಡಿ, ಯಮುನೆಯ ನಡುಗಡ್ಡೆಯಲ್ಲಿ ಹುಟ್ಟಿದ್ದಕ್ಕೆ ಕೃಷ್ಣದ್ವೈಪಾಯನ. ಜಂಬೂದ್ವೀಪ ಎನ್ನುವ ಹೊತ್ತಿಗೆ ಪದ ಹಿಗ್ಗಿ ಒಂದು ಖಂಡವನ್ನೇ ಹೊತ್ತುಕೊಂಡಿದೆ.

‘ಅಪ್’ ಇದ್ದದ್ದು ‘ಈಪ’ ಹೇಗಾಯಿತು ಎಂದು ಮಕ್ಕಳು ಕೇಳಬಹುದು. ಪಾಣಿನಿ ಅಷ್ಟಾಧ್ಯಾಯಿಯ 6.3.97ನೇ ಸೂತ್ರದಲ್ಲಿ ಇದನ್ನೇ ಹೇಳಿದ್ದಾನೆ. ದ್ವಿ, ಅಂತರ್ ಮತ್ತು ಉಪಸರ್ಗಗಳ ಮುಂದೆ ಬಂದ ‘ಅಪ್’ನ ಅಕಾರ ಈಕಾರವಾಗುತ್ತದೆ. ದ್ವೀಪ, ಅಂತರೀಪ, ಪ್ರತೀಪ, ಸಮೀಪ. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಸಮೀಪ’ದೊಳಗೂ ನೀರಿದೆ ಎಂದು ತಿಳಿದಾಗ ನನಗಾದ ಸಂತೋಷ ಇನ್ನೂ ಹಾಗೇ ಇದೆ. ಅದರ ಮುಂದಿನ ಸೂತ್ರದಲ್ಲೇ ಜೌಗು ನೆಲದ ‘ಅನೂಪ’ ಬರುತ್ತದೆ.

ಇದೇ ದ್ವೀಪ ಪ್ರಾಕೃತದಲ್ಲಿ ದೀವ ಆಯಿತು, ತಮಿಳಿನಲ್ಲಿ ತೀವು ಆಯಿತು. ಕಾರವಾರದ ಎದುರಿನ ಅಂಜದೀವದಲ್ಲಿ, ಗುಜರಾತಿನ ಪಕ್ಕದ ದೀವ್‌ನಲ್ಲಿ, ಮಾಲ್ದೀವ್ಸ್‌ನಲ್ಲಿ, ಆಂಧ್ರದ ಕೃಷ್ಣಾ ಮುಖಜ ಭೂಮಿಯ ದಿವಿಸೀಮೆಯಲ್ಲಿ ಇರುವುದು ಇದೇ. ನಮ್ಮ ಹಿತ್ತಲಿನ ದೀವಿಹಲಸನ್ನೂ ನಾನು ದ್ವೀಪದ ಹಲಸು ಎಂದೇ ಓದುತ್ತೇನೆ. ಆ ಮರ ಪೆಸಿಫಿಕ್ ಸಾಗರದ ದ್ವೀಪಗಳ ಕಡೆಯಿಂದ ಬಂದದ್ದಂತೂ ನಿಜ.

ಇನ್ನು ಗಡ್ಡೆ. ಆಲೂಗಡ್ಡೆ ಎಂದ ಹುಡುಗನಿಗೂ ಶಹಬ್ಬಾಸ್ ಹೇಳಿ, ಅದೇ ಗಡ್ಡೆ ಇದು. ಗಟ್ಟಿಯಾಗಿ ಉಂಡೆಗಟ್ಟಿದ್ದು, ಒಂದಾಗಿ ಸೇರಿಕೊಂಡದ್ದು ಎಲ್ಲವೂ ಕನ್ನಡದಲ್ಲಿ ಗಡ್ಡೆ. ಮಂಜುಗಡ್ಡೆ, ಗಡ್ಡೆ ಮೊಸರು, ‘ಹಿಟ್ಟು ಗಡ್ಡೆ ಕಟ್ಟಿದೆ’. ಅದೇ ಲೆಕ್ಕದಲ್ಲಿ ನೀರಿನ ನಡುವೆ ನೆಲ ಗಡ್ಡೆ ಕಟ್ಟಿದರೆ ನಡುಗಡ್ಡೆ. ತೆಲುಗಿನಲ್ಲೂ ಗಡ್ಡ ಎಂದರೆ ಹೆಂಟೆ, ಉಂಡೆ, ನೆಲ. ಗದ್ದೆ ಬೇರೆಯೇ ಪದ. ಹಳೆಯ ಶಾಸನಗಳಲ್ಲಿ ಅದು ‘ಗೞ್ದೆ’ ಎಂದು ಬರುತ್ತದೆ, ಅಲ್ಲಿ ಡಕಾರದ ಸುಳಿವೇ ಇಲ್ಲ. ಶಾಸನಗಳನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾದ 1902ರ ಹಾಸನ ಸಂಪುಟ ಇದೆ. ಚಿಕ್ಕಮಗಳೂರಿನವರಿಗೆ 1901ರದು, ಕಡೂರು ಜಿಲ್ಲೆ ಎಂಬ ಹೆಸರಿನಲ್ಲಿ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ನಿಮ್ಮ ಗಡ್ಡೆಯ ಮೇಲೆ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ನೀರು ಬಂದು ಬಡಿಯುವ ಮೇಲ್ತುದಿಯಲ್ಲಿ ಕೈತುಂಬುವ ಉರುಟು ಕಲ್ಲುಗಳು ಇರುತ್ತವೆ. ನಡುವಿಗೆ ಬಂದರೆ ದಪ್ಪ ಮರಳು. ಕೆಳತುದಿಯಲ್ಲಿ ಕಾಲಿಟ್ಟರೆ ಅಂಟಿಕೊಳ್ಳುವ ನುಣ್ಣನೆ ಮೆಕ್ಕಲು, ಜೊಂಡು ಬೆಳೆಯುವುದು ಅಲ್ಲೇ. ಹೊಳೆಯೇ ಜರಡಿ ಹಿಡಿದು ಇಟ್ಟ ಹಾಗೆ. ನೀರಿನ ರಭಸ ಕಡಿಮೆಯಾದ ಹಾಗೆ ಮೊದಲು ಭಾರದ್ದು ಬೀಳುತ್ತದೆ, ಕೊನೆಗೆ ಹಗುರದ್ದು. ಒಂದು ಬಂಡೆಯೋ, ಉರುಳಿಬಿದ್ದ ಮರವೋ ಮೊದಲು ಅಡ್ಡ ಸಿಕ್ಕಿರುತ್ತದೆ, ಅದರ ಬೆನ್ನಿಗೆ ವರ್ಷ ವರ್ಷ ಮಣ್ಣು ನಿಲ್ಲುತ್ತದೆ, ಹುಲ್ಲಿನ ಬೇರು ಅದನ್ನು ಹಿಡಿದುಕೊಳ್ಳುತ್ತದೆ. ಅಂದರೆ ಗಡ್ಡೆ ಎನ್ನುವುದು ನೀರು ಕಟ್ಟಿದ ನೆಲ.

ಗೊರೂರು ಅಣೆಕಟ್ಟೆಯ ಹಿನ್ನೀರಿಗೆ ಹೋದರೆ ಕಥೆ ಬೇರೆ. 1979ರಲ್ಲಿ ಅಣೆಕಟ್ಟೆ ಮುಗಿದ ಮೇಲೆ ನೀರು ಏರಿ, ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ನೀರೊಳಗೆ ನಿಲ್ಲುವುದು ಎಲ್ಲರಿಗೂ ಗೊತ್ತು. ಅಲ್ಲಿ ಸುತ್ತಲೂ ನೀರು ತುಂಬಿಕೊಂಡ ಎತ್ತರದ ಜಾಗಗಳನ್ನು ಆ ಕಡೆ ಯಾರೂ ಗಡ್ಡೆ ಎಂದದ್ದನ್ನು ನಾನು ಕೇಳಿಲ್ಲ. ಗುಡ್ಡ ಎನ್ನುತ್ತಾರೆ, ದಿಣ್ಣೆ ಎನ್ನುತ್ತಾರೆ. ಮುಳುಗುವ ಮೊದಲು ಅದಕ್ಕೆ ಯಾವ ಹೆಸರಿತ್ತೋ ಅದೇ ಹೆಸರು. ನೀರಿಗಿಂತ ಮೊದಲೇ ಇದ್ದದ್ದು ಗುಡ್ಡ, ನೀರು ತಾನೇ ಕಟ್ಟಿದ್ದು ಗಡ್ಡೆ. ಕರಾವಳಿಯಲ್ಲೂ ಇದೇ ಕ್ರಮ. ಮುರ್ಡೇಶ್ವರದ ಎದುರಿನ ಕಲ್ಲಿನ ದ್ವೀಪವನ್ನು ಮೀನುಗಾರರು ನೇತ್ರಾಣಿ ಗುಡ್ಡ ಎಂದೇ ಕರೆಯುವುದು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನಿಮ್ಮ ಊರಿನ ಹಿರಿಯರ ಮಾತೇ ಖಚಿತವಾದದ್ದು. ಗಡ್ಡೆ ಎಂದು ಬರೆಯಿಸಿ.

ಉತ್ತರ: ಕೃಷ್ಣೆ ಕಡೆಯವ, ಈಗ ಹಾಸನ

ಸರ್, ಭಾಳ ಚೊಲೋ ಬರೆದೀರಿ. ಆದರ ಒಂದು ತಕರಾರು ಐತ್ರಿ. ನಮ್ಮದು ರಾಯಚೂರು ಜಿಲ್ಲಾ, ನೌಕರಿಗಾಗಿ ಹಾಸನಕ್ಕ ಬಂದೀವಿ. ನಮ್ಮ ಕಡೆ ಕೃಷ್ಣಾ ನದಿ ಒಳಗಿನ ಊರುಗಳಿಗೇ ಗಡ್ಡಿ ಅಂತೀವಿ. ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿ. ರಾಯಚೂರು ಕಡೆ ನಾರದಗಡ್ಡಿ. ಇವು ಮಳಲಿನ ದಿಬ್ಬ ಅಲ್ಲರಿ, ಕಲ್ಲುಬಂಡಿ ಮ್ಯಾಲಿನ ನೆಲ. ಮಂದಿ ಮನಿ ಕಟ್ಟಿಕೊಂಡು, ಬೆಳಿ ಬೆಳಕೊಂಡು ಇದ್ದಾರ. ಹೊಳಿ ಬಂದಾಗ ಹೊರಗಿನ ಸಂಪರ್ಕ ಕಡಕೊಂಡು ಕೂಡ್ತಾರ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರ ಸಾಕು, ಪೇಪರ್ನಾಗ ‘ನಡುಗಡ್ಡೆ ಜನರ ಸ್ಥಳಾಂತರ’ ಅಂತ ಬಂದ ಬರ್ತದ. ಹಂಗಾಗಿ ನೀರು ಕಟ್ಟಿದ್ದಷ್ಟೇ ಗಡ್ಡಿ ಅಂದರ ನಮ್ಮ ಕಡೆಗೆ ಹೊಂದೂದಿಲ್ಲ.

ಇನ್ನೊಂದು ಪದ ನಮ್ಮಲ್ಲಿ ಐತಿ, ಅದನ್ನ ನೀವು ಬಿಟ್ಟೀರಿ. ಕುರುವ, ಕುರ್ವ. ಶ್ರೀಪಾದ ಶ್ರೀವಲ್ಲಭರು ಇದ್ದ ಕುರುವಪುರ ಕೃಷ್ಣಾ ನಡುವಿನ ಊರು. ಹಂಗ ಕುರ್ವಕಲಾ, ಕುರ್ವಕುರ್ದಾ ಅಂತ ಎರಡು ಊರು ಅದಾವ, ಎರಡೂ ನದಿ ಒಳಗ. ಕಲಾ, ಖುರ್ದ ಅನ್ನೋದು ಫಾರಸಿ, ನಿಜಾಮರ ಕಾಲದ ಕಂದಾಯ ಲೆಕ್ಕದ ಭಾಷಾ. ದೊಡ್ಡದು, ಸಣ್ಣದು ಅಂತ. ದೊಡ್ಡ ಕುರ್ವ, ಸಣ್ಣ ಕುರ್ವ. ಕುರ್ವ ಅಂದರ ಏನು ಅಂತ ನಮ್ಮ ಹಿರಿಯರಿಗೆ ಕೇಳಿದರ ‘ನಡುಗಡ್ಡಿನೇ’ ಅಂತಿದ್ರು.

ಉತ್ತರ: ಘಟ್ಟದ ಸೊಸೆ, ಮೂಡಿಗೆರೆ

ರಾಯಚೂರಿನವರು ಕುರ್ವ ಎಂದದ್ದು ಓದಿ ಆಶ್ಚರ್ಯವಾಯಿತು. ನನ್ನ ತವರು ಕುಂದಾಪುರದ ಹತ್ತಿರ, ಅಮ್ಮನ ಕಡೆಯವರು ಹೊನ್ನಾವರದವರು. ಉತ್ತರ ಕನ್ನಡದಲ್ಲಿ ಇದೇ ಪದ ಕುರ್ವೆ ಎಂದು ಬರುತ್ತದೆ. ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ. ಎರಡೂ ಹೊಳೆ ನಡುವೆ ಇರುವ ಜಾಗಗಳೇ. ಉತ್ತರ ಕನ್ನಡ ದಾಟಿ ದಕ್ಷಿಣಕ್ಕೆ ಬಂದ ಹಾಗೆ ಕುರ್ವೆ ಹೋಗಿ ಕುದ್ರು ಶುರುವಾಗುತ್ತದೆ.

ಕುದ್ರು ಅಂದರೆ ನಮ್ಮಲ್ಲಿ ಬರಿದೇ ಮಣ್ಣಿನ ದಿಬ್ಬ ಅಲ್ಲ, ಊರು. ತೆಂಗು ಬೆಳೆದಿರಬೇಕು, ಮನೆ ಇರಬೇಕು, ದೋಣಿ ಕಟ್ಟುವ ಕಟ್ಟೆ ಇರಬೇಕು. ಉಪ್ಪಿನಕುದ್ರು ಯಕ್ಷಗಾನದ ಸೂತ್ರದ ಬೊಂಬೆಯಾಟಕ್ಕೆ ಹೆಸರಾದ ಊರು. ಉಡುಪಿ ಕಡೆ ಸುವರ್ಣಾ ನದಿಯಲ್ಲಿ ಪಡುಕುದ್ರು, ತಿಮ್ಮಣ್ಣಕುದ್ರು. ಇನ್ನೂ ಕೆಳಗೆ ಮಂಗಳೂರಿನ ಹತ್ತಿರ ನೇತ್ರಾವತಿಗೆ ಬಂದರೆ ಉಳಿಯ ಎನ್ನುವ ತುಳು ಪದ, ಪಾವೂರು ಉಳಿಯ. ಆ ಉಳಿಯದ ಸುತ್ತ ಮರಳು ತೆಗೆದು ತೆಗೆದು ದಂಡೆ ಕುಸಿಯುತ್ತಿರುವ ಸುದ್ದಿ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೇತ್ರಾವತಿ ಹುಟ್ಟುವುದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಗಳಲ್ಲಿ. ಇಲ್ಲಿಂದ ತೊಳೆದುಕೊಂಡು ಹೋದ ಮಣ್ಣೂ ಸೇರಿಯೇ ಅಲ್ಲಿನ ನೆಲ ಆಗಿರುವುದು. ಘಟ್ಟದ ಮೇಲಿನವರಿಗೂ ಅದು ಸಂಬಂಧವಿಲ್ಲದ ಸುದ್ದಿಯಲ್ಲ.

ಪದದ ಮೂಲದ ಬಗ್ಗೆ ನನ್ನದೊಂದು ಊಹೆ. ‘ವ್ಯಾಪಾರ ಕುದುರಿತು’, ‘ಸಂಬಂಧ ಕುದುರಿತು’ ಎನ್ನುತ್ತೇವಲ್ಲ, ನೆಲೆ ನಿಂತಿತು ಎಂಬ ಅರ್ಥದಲ್ಲಿ. ಹರಿಯುವ ಹೊಳೆಯಲ್ಲಿ ಮಣ್ಣು ಕುದುರಿ ನಿಂತದ್ದು ಕುದುರು ಆಗಿರಬಹುದೇ? ತೆಲುಗಿನಲ್ಲಿ ಬಿಂದಿಗೆ ಅಲ್ಲಾಡದಂತೆ ಕೆಳಗಿಡುವ ಸಿಂಬಿಗೂ ಕುದುರು ಎನ್ನುತ್ತಾರೆ ಎಂದು ಬಳ್ಳಾರಿಯ ಗೆಳತಿ ಹೇಳಿದ್ದಳು.

ಉತ್ತರ: ಸರಪಳಿ, ಅರಕಲಗೂಡು

ಇಬ್ಬರಿಗೂ ಕೈಮುಗಿದೆ. ರಾಯಚೂರಿನವರ ತಕರಾರು ನ್ಯಾಯವಾದದ್ದು. ಕೃಷ್ಣೆಯ ಗಡ್ಡಿಗಳನ್ನು ಸೇರಿಸಿಕೊಂಡರೆ, ಗಡ್ಡೆ ಎನ್ನುವುದು ಹೊಳೆ ನಡುವೆ ಗಟ್ಟಿಯಾಗಿ ಎದ್ದುನಿಂತ ನೆಲ ಎಂಬಲ್ಲಿಗೆ ನಿಲ್ಲಬೇಕು, ಅದನ್ನು ಯಾರು ಕಟ್ಟಿದರು ಎಂಬ ಪ್ರಶ್ನೆ ಹಾಸನದ ಹೊಳೆಗಳಿಗೆ ಸೀಮಿತ. ಆದರೂ ಒಂದು ಮಾತು ಉಳಿಯುತ್ತದೆ. ಅಲ್ಲಿಯೂ ಹೊಳೆ ಮೊದಲು, ಗಡ್ಡಿ ಆಮೇಲೆ. ಅಣೆಕಟ್ಟೆಯ ಹಿನ್ನೀರಿನ ಗುಡ್ಡಕ್ಕೆ ಆ ಹೆಸರು ಅಲ್ಲೂ ಅಂಟಲಿಕ್ಕಿಲ್ಲ.

ಕುರ್ವದ ವಿಷಯ ಬಹಳ ಮುಖ್ಯ. ರಾಯಚೂರಿನ ಕೃಷ್ಣೆ ಎಲ್ಲಿ, ಹೊನ್ನಾವರದ ಶರಾವತಿ ಎಲ್ಲಿ. ಒಂದು ಪೂರ್ವಕ್ಕೆ ಹರಿಯುವ ಹೊಳೆ, ಇನ್ನೊಂದು ಪಶ್ಚಿಮಕ್ಕೆ. ನಡುವೆ ಇಡೀ ಬಯಲುಸೀಮೆ ಮತ್ತು ಘಟ್ಟ. ಎರಡೂ ತುದಿಯಲ್ಲಿ ಒಂದೇ ಪದ ಒಂದೇ ಅರ್ಥದಲ್ಲಿ ಊರಿನ ಹೆಸರಾಗಿ ಉಳಿದಿದೆ ಎಂದರೆ, ಒಂದು ಕಾಲಕ್ಕೆ ನಡುವಿನ ನಾಡಿನಲ್ಲೂ ಅದು ಬಳಕೆಯಲ್ಲಿ ಇದ್ದಿರಲೇಬೇಕು. ಆಮೇಲೆ ನಡುಗಡ್ಡೆ ಎಂಬ ಪದ ಹರಡಿ ಅದನ್ನು ಅಂಚಿಗೆ ತಳ್ಳಿದೆ ಎಂದು ನನಗೆ ಅನ್ನಿಸುತ್ತದೆ. ಹಾಸನ, ಚಿಕ್ಕಮಗಳೂರಿನ ಹೊಲಗದ್ದೆಗಳ ಹೆಸರುಗಳಲ್ಲಿ ಎಲ್ಲಾದರೂ ಕುರ್ವ ಅಡಗಿದೆಯೇ ಎಂದು ಹುಡುಕಬೇಕು. ತುಂಗೆಯ ದಂಡೆಯವರು, ಭದ್ರೆಯ ದಂಡೆಯವರು ನಿಮ್ಮ ಹಳೇ ಕ್ರಯಪತ್ರಗಳ ಚೆಕ್ಕುಬಂದಿ ಸ್ವಲ್ಪ ಓದಿ ನೋಡಿ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ಬರೆಯುವಲ್ಲಿ ಇಂಥ ಪದಗಳು ಬದುಕಿರುತ್ತವೆ.

ಕುದುರಿನ ಊಹೆ ಕೇಳಲು ಸೊಗಸಾಗಿದೆ, ಆದರೆ ನಾನು ಅದಕ್ಕೆ ಸಹಿ ಹಾಕುವುದಿಲ್ಲ. ಉಚ್ಚಾರ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಎನ್ನಲಾಗದು. ಗಡ್ಡೆ ಮತ್ತು ಗದ್ದೆಯಲ್ಲಿ ಅದನ್ನೇ ನೋಡಿದೆವು. ತುಳುವಿನ ಹಳೆಯ ಬಳಕೆಗಳನ್ನು ಜೊತೆಗಿಟ್ಟುಕೊಂಡು ನೋಡಿದ ಮೇಲೆ ಮಾತಾಡಬೇಕಾದ ವಿಷಯ ಅದು.

ಬೇರೆ ಭಾಷೆಯವರು ಇದನ್ನೇ ಹೇಗೆ ಹೇಳುತ್ತಾರೆ ಎಂದು ಎರಡು ಮಾತು ಸೇರಿಸುತ್ತೇನೆ, ಮಕ್ಕಳಿಗೆ ಇಷ್ಟವಾಗುತ್ತದೆ. ಗೋದಾವರಿ ತೀರದ ತೆಲುಗರಿಗೆ ಹೊಳೆ ನಡುವಿನ ನೆಲ ಎಂದರೆ ಲಂಕ. ಕೋನಸೀಮೆಯಲ್ಲಿ ಲಂಕ ಎಂದು ಕೊನೆಗೊಳ್ಳುವ ಹಳ್ಳಿಗಳು ಎಷ್ಟೋ ಇವೆ. ತಮಿಳಿನಲ್ಲಿ ಅರಂಗಂ ಎಂಬ ಮಾತಿಗೆ ವೇದಿಕೆ ಎಂಬ ಅರ್ಥದ ಜೊತೆಗೆ ಹೊಳೆನಡುವಿನ ನೆಲ ಎಂಬ ಅರ್ಥವೂ ಇದೆ. ಈಗ ಕಾವೇರಿಯ ಮೂರು ರಂಗಗಳನ್ನು ನೆನಪಿಸಿಕೊಳ್ಳಿ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ಶ್ರೀರಂಗಂ ಅಂತ್ಯರಂಗ. ಮೂರೂ ಕಾವೇರಿ ಎರಡಾಗಿ ಸೀಳಿದ ಜಾಗದಲ್ಲೇ ಇವೆ. ನಮ್ಮ ಹೇಮಾವತಿಯ ನೀರು ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರಿ ಈ ಮೂರನ್ನೂ ಬಳಸಿಯೇ ಸಮುದ್ರಕ್ಕೆ ಹೋಗುತ್ತದೆ. ಮೇಡಂ, ನಿಮ್ಮ ನಕ್ಷೆಯ ಪಕ್ಕದಲ್ಲಿ ಆ ದಾರಿಯನ್ನೂ ಒಂದು ಗೆರೆಯಲ್ಲಿ ಬರೆಯಿಸಿ.

ಉತ್ತರ: ಭದ್ರಾ ಹಿನ್ನೀರು, ಲಕ್ಕವಳ್ಳಿ

ತರೀಕೆರೆ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ಸರಪಳಿಯವರು ಹೇಳಿದ ಗುಡ್ಡದ ಮಾತು ನಮ್ಮಲ್ಲೂ ನಿಜ. ಭದ್ರಾ ಅಣೆಕಟ್ಟೆ 1965ರದು. ಒಳಗೆ ಮರ ಇರುವ ದೊಡ್ಡ ಎತ್ತರಗಳು ಗುಡ್ಡವೇ. ಆದರೆ ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟು ಮಟ್ಟ ಇಳಿದಾಗ ಹೊಸದಾಗಿ ಏಳುವ ಬೋಳು ಜಾಗಗಳಿವೆ, ಅವು ವರ್ಷಕ್ಕೆ ಕೆಲವೇ ತಿಂಗಳು ಇರುತ್ತವೆ. ಅದಕ್ಕೆ ನಾವು ದಿಬ್ಬ ಎನ್ನುತ್ತೇವೆ. ಪ್ರವಾಸಿಗಳು ಬಂದು ‘ದ್ವೀಪ ತೋರಿಸಿ’ ಎನ್ನುತ್ತಾರೆ.

ಆ ದಿಬ್ಬಗಳ ಮೇಲೆಯೇ ನದಿ ರೀವ ಎಂಬ ಹಕ್ಕಿಗಳು ಮೊಟ್ಟೆ ಇಡುವುದು. ಹಳದಿ ಕೊಕ್ಕು, ತಲೆ ಮೇಲೆ ಕಪ್ಪು, ಕವಲು ಬಾಲ. ಗೂಡು ಎಂಬುದೇ ಇಲ್ಲ. ಗರಸಿನಲ್ಲಿ ಎದೆಯೂರಿ ಸ್ವಲ್ಪ ತಗ್ಗು ಮಾಡಿಕೊಂಡು ಅಲ್ಲೇ ಇಡುತ್ತವೆ. ಮೊಟ್ಟೆಯ ಬಣ್ಣವೂ ಕಲ್ಲಿನ ಬಣ್ಣ, ಕಲೆಯೂ ಕಲ್ಲಿನ ಕಲೆ. ದೋಣಿಯಿಂದ ಇಳಿದವರು ಗೊತ್ತಿಲ್ಲದೆ ತುಳಿದೇ ಬಿಡಬಹುದು, ಅದಕ್ಕೇ ಯಾರೂ ಇಳಿಯಬಾರದು. ಸುತ್ತಲೂ ನೀರು ಇರುವವರೆಗೆ ಮರಿಗಳಿಗೆ ರಕ್ಷಣೆ. ನೀರು ತೀರಾ ಇಳಿದು ದಿಬ್ಬ ದಡಕ್ಕೆ ಸೇರಿಕೊಂಡರೆ ನಾಯಿ, ನರಿ ನಡೆದೇ ಬರುತ್ತವೆ. ನೀವು ಎರಡು ಪಕ್ಕ ನೀರು ಎಂದು ದ್ವೀಪಕ್ಕೆ ಅರ್ಥ ಹೇಳಿದಿರಲ್ಲ, ಆ ಎರಡನೇ ಪಕ್ಕದ ನೀರು ಇದೆಯೋ ಇಲ್ಲವೋ ಎನ್ನುವುದು ಈ ಹಕ್ಕಿಗೆ ಸಂಸಾರದ ಪ್ರಶ್ನೆ.

ಸಕಲೇಶಪುರದ ಮೇಡಂ, ನಿಮ್ಮ ಗಡ್ಡೆಯ ಮೇಲೂ ಬೇಸಿಗೆಯಲ್ಲಿ ಟಿಟ್ಟಿಭಗಳು ನೆಲದ ಮೇಲೆ ಮೊಟ್ಟೆ ಇಟ್ಟಿರಬಹುದು. ಮಕ್ಕಳನ್ನು ಕರೆದೊಯ್ಯುವಾಗ ಮುಂದೆ ಒಬ್ಬರು ನೋಡಿಕೊಂಡು ನಡೆಯಲಿ.

ಮರುಉತ್ತರ: ಹೊಳೆದಂಡೆ, ಸಕಲೇಶಪುರ

ಎಲ್ಲರ ಉತ್ತರವನ್ನೂ ಇವತ್ತು ತರಗತಿಯಲ್ಲಿ ಓದಿದೆ. ದ್ವೀಪ ಎಂದಿದ್ದವಳ ಮುಖ ಅರಳಿತು. ನಡುಗದ್ದೆ ಎಂದಿದ್ದ ಹುಡುಗ ‘ಗೞ್ದೆ’ಯ ೞ ಅಕ್ಷರವನ್ನು ಹೇಗೆ ಬರೆಯುವುದೆಂದು ಕೇಳಿ ಬೋರ್ಡಿನ ಮೇಲೆ ಬರೆಸಿಕೊಂಡ.

ನಕ್ಷೆಯ ಮೇಲೆ ‘ಮತ್ತಿಗಡ್ಡೆ’ ಎಂದು ಬರೆಯುವುದೆಂದು ಮಕ್ಕಳೇ ತೀರ್ಮಾನಿಸಿದರು. ಒಬ್ಬಳ ಅಜ್ಜಿ ಹಾಗೆ ಕರೆಯುತ್ತಿದ್ದರಂತೆ, ಹೊಳೆಮತ್ತಿ ಮರ ಇರುವುದರಿಂದ. ಇನ್ನಿಬ್ಬರ ಮನೆಯಲ್ಲಿ ವಿಚಾರಿಸಿದಾಗಲೂ ಅದೇ ಹೆಸರು ಬಂತು. ಕಾವೇರಿಯವರೆಗಿನ ದಾರಿಯನ್ನೂ ಬರೆಯುತ್ತೇವೆ, ಮೂರು ರಂಗಗಳನ್ನು ಗುರುತಿಸುತ್ತೇವೆ. ಕ್ರಯಪತ್ರದ ಚೆಕ್ಕುಬಂದಿ ಓದುವ ಕೆಲಸವನ್ನು ದಸರಾ ರಜೆಗೆ ಮನೆಗೆಲಸವಾಗಿ ಕೊಟ್ಟಿದ್ದೇನೆ. ಕುರ್ವ, ಕುದುರು, ತಿಟ್ಟು, ಏನು ಸಿಕ್ಕಿದರೂ ಇಲ್ಲೇ ಬರೆಯುತ್ತೇನೆ. ಸರಪಳಿಯವರೇ, ಹಳೇ ಪತ್ರಗಳ ಮೋಡಿ ಅಕ್ಷರ ಓದಲು ಬಾರದೇ ನಿಂತರೆ ಚಿತ್ರ ತೆಗೆದು ಇಲ್ಲಿ ಹಾಕಬಹುದೇ?

ಉತ್ತರ: ಸರಪಳಿ, ಅರಕಲಗೂಡು

ಖಂಡಿತ ಹಾಕಿ. ಹೆಸರು, ವಿಸ್ತೀರ್ಣ ಇರುವ ಸಾಲುಗಳನ್ನು ಮುಚ್ಚಿ, ಚೆಕ್ಕುಬಂದಿಯ ಭಾಗವನ್ನು ಮಾತ್ರ ಹಾಕಿ. ನಾನು ಓದಿ ಹೇಳುತ್ತೇನೆ.